ನಾಗರತ್ನಾ ಹಸನು ಮಾಡಿದ ಮಾತು

ಕಮಲಾಪುರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಾಗರತ್ನಾ ಎಂದು ಕೇಳಿದರೆ ಯಾರೂ ತಟ್ಟನೆ ಹೇಳುವುದಿಲ್ಲ. ‘ಕೈಮಾತಿನಾಕಿ’ ಎಂದರೆ ಮನೆಯ ಬಾಗಿಲತನಕ ಬಂದು ಬಿಟ್ಟುಹೋಗುತ್ತಾರೆ. ಹಾಗೆಂದು ಆಕೆಗೆ ಬಾಯಿಲ್ಲ ಎಂದು ತಿಳಿಯಬೇಡಿ. ಮಾತು ಶುರು ಮಾಡಿದರೆ ಬಸ್ಸು ಕಲಬುರಗಿಗೆ ಹೋಗಿ ತಿರುಗಿ ಬಂದರೂ ಮುಗಿಸದ ಹೆಂಗಸು. ಆಕೆಯ ಮಗಳು ಸೃಷ್ಟಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತೂ ಬರುವುದಿಲ್ಲ. ಮಗಳ ಕೈಸನ್ನೆಯನ್ನು ಊರಿಗೆ, ಊರಿನ ಮಾತನ್ನು ಮಗಳಿಗೆ ದಾಟಿಸುವುದರಲ್ಲಿ ನಾಗರತ್ನಾಳ ಅರ್ಧ ಆಯುಷ್ಯ ಹೋಗಿದೆ. ಉಳಿದರ್ಧ ಬ್ಲೌಸು ಹೊಲಿಯುವುದರಲ್ಲಿ.

ನಾನು ಕಲಬುರಗಿಯ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತೇನೆ. ಜೊತೆಗೆ ಅಲ್ಲಿನ ವಿಶೇಷಚೇತನ ವಿದ್ಯಾರ್ಥಿಗಳ ನೆರವಿನ ಕೇಂದ್ರ ನೋಡಿಕೊಳ್ಳುತ್ತೇನೆ. ಕೇಂದ್ರ ಎಂದರೆ ಏನೇನೋ ಕಲ್ಪಿಸಿಕೊಳ್ಳಬೇಡಿ, ಮೂಲೆಯ ಒಂದು ಕೋಣೆ. ಗಾಲಿಕುರ್ಚಿಯಲ್ಲಿ ಬರುವವರಿಗಾಗಿ ತೆರೆದ ಆ ಕೋಣೆಯ ಬಾಗಿಲಿಗೇ ಮೆಟ್ಟಿಲು ಕಟ್ಟಿದ್ದರು ಪುಣ್ಯಾತ್ಮರು. ಅವನ್ನು ಒಡೆಸಿ ಇಳಿಜಾರು ಮಾಡಿಸುವಷ್ಟರಲ್ಲಿ ನಾನು ಎಷ್ಟು ಮಂದಿಯ ಜೊತೆ ಕಾದಾಡಿದೆನೆಂದರೆ, ಮಂಜುಷಾ ಎಂಬ ನನ್ನ ಹೆಸರು ಹೋಗಿ ‘ಜಗಳದ ಬಾಯಿ’ ಎಂಬುದು ಉಳಿಯಿತು. ಅಲ್ಲಿಯೇ ಓದುವ ಸೃಷ್ಟಿಯೂ ಸನ್ನೆಯಲ್ಲಿ ನನಗೊಂದು ಹೆಸರಿಟ್ಟಿದ್ದಾಳೆ. ಹುಬ್ಬು ಗಂಟಿಕ್ಕಿ ಮೂಗಿನ ತುದಿ ಮುಟ್ಟಿದರೆ ಅದು ನಾನು.

ನಾಗರತ್ನಾಳದ್ದು ಒಂದು ಪದ್ಧತಿ. ಮಗಳ ಮಾತನ್ನು ಇದ್ದಂತೆ ಯಾರಿಗೂ ಕೊಡುವುದಿಲ್ಲ. ತೊಗರಿಬೇಳೆಯನ್ನು ಮೊರಕ್ಕೆ ಹಾಕಿ ಕಲ್ಲು, ಕಸ ಆರಿಸಿದಂತೆ ಹಸನು ಮಾಡಿಯೇ ಕೊಡುವುದು. ಅಜ್ಜಿ ಭಾಗಮ್ಮ ಮಾಡಿದ ಪುಂಡಿಪಲ್ಯೆ ಬಾಯಿಗಿಟ್ಟು ಸೃಷ್ಟಿ ‘ಬರೀ ಉಪ್ಪು’ ಎಂದು ಮುಖ ಕಿವುಚಿದರೆ, ಈಕೆ “ಭಾಳ ರುಚಿ ಆಗೇದಂತರಿ ಅತ್ತಿ” ಎನ್ನುತ್ತಾಳೆ. ಹೆಣ್ಣು ನೋಡಲು ಬಂದವರ ಮುಂದೆ ಸೃಷ್ಟಿ ಎರಡೂ ಕೈ ಝಾಡಿಸಿ ‘ಒಲ್ಲೆ, ಈ ಮನುಷ್ಯನನ್ನು ಒಲ್ಲೆ’ ಎಂದದ್ದು ನಾಗರತ್ನಾಳ ಬಾಯಲ್ಲಿ “ಪರೀಕ್ಷಾ ಮುಗೀಲಿ ಅಂತಾಳ್ರಿ” ಎಂದಾಯಿತು. ಊರಿನ ಮಾತಿಗೂ ಇದೇ ಮೊರ. ‘ಮೂಕಿಗಿ ಇಷ್ಟ ಓದು ಯಾಕ ಬೇಕ’ ಎಂದು ಓಣಿಯವರು ಮೂಗು ಮುರಿದರೆ, ‘ಚಂದಾಗಿ ಓದು ಅಂತಾರ’ ಎಂದು ಮಗಳಿಗೆ ಕೈಮಾಡುತ್ತಾಳೆ. ಇದನ್ನೆಲ್ಲ ಆಕೆಯೇ ನನ್ನ ಕೋಣೆಯಲ್ಲಿ ಕುಳಿತು, ಮಗಳು ಕ್ಲಾಸಿನಿಂದ ಬರುವುದನ್ನು ಕಾಯುತ್ತ, ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದ್ದು.

“ಮಾತು ಬಲ್ಲವನಿಗೆ ಜಗಳಿಲ್ಲ ಅಂತಾರಲ್ರಿ ಮೇಡಂ” ಎಂದಳು. ನನಗೇ ಚುಚ್ಚಿದಳೋ ಏನೋ. ಆದರೂ ನಾನೂ ನಕ್ಕೆ.

ನಗು ಅಡಗಿದ್ದು ಸೃಷ್ಟಿಯ ಮೌಖಿಕ ಪರೀಕ್ಷೆಯ ದಿನ. ಎಲ್ಲರೂ ವೈವಾ ಎಂದೇ ಕರೆಯುವ ಆ ಪರೀಕ್ಷೆ ಎಂ.ಎಸ್.ಡಬ್ಲ್ಯೂ. ಎಂಬ ಸಮಾಜಕಾರ್ಯ ಪದವಿಯ ಕೊನೆಯ ಗಂಡಾಂತರ. ವಿದ್ಯಾರ್ಥಿ ಬರೆದ ಪ್ರಬಂಧದ ಮೇಲೆ ಹೊರಗಿನಿಂದ ಬಂದ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ, ವಿದ್ಯಾರ್ಥಿ ಉತ್ತರಿಸಬೇಕು. ಸೃಷ್ಟಿ ಅದರಲ್ಲಿ ಪಾಸಾದರೆ ಕಲಬುರಗಿಯ ಕಿವುಡ ಮಕ್ಕಳ ಶಾಲೆಯೊಂದರಲ್ಲಿ ನೌಕರಿ ಕಾದಿತ್ತು. ಇಲ್ಲದಿದ್ದರೆ ಒಂದು ವರ್ಷ ಹೋದಂತೆ. ನೌಕರಿಯಂತೂ ಅಷ್ಟು ದಿನ ಯಾರಿಗೂ ಕಾಯುವುದಿಲ್ಲ.

ದುಭಾಷಿಯಾಗಿ ಅಫ್ಶೀನ್ ಬರಬೇಕಿತ್ತು. ಸನ್ನೆಭಾಷೆಯನ್ನು ಶಾಸ್ತ್ರಬದ್ಧವಾಗಿ ಕಲಿತ ಹುಡುಗಿ, ಸೃಷ್ಟಿಯ ಗೆಳತಿಯೂ ಹೌದು. ಬೆಳಿಗ್ಗೆ ನಾನು ಕೋಣೆಯ ಬೀಗ ತೆಗೆಯುತ್ತಿದ್ದಾಗ ಆಕೆಯ ಫೋನು ಬಂತು.

“ಮೇಡಂ, ದವಾಖಾನ್ಯಾಗ ಅದೀನ್ರಿ. ಜ್ವರ ಇಳಿವಲ್ದು, ಸಲೈನ್ ಹಚ್ಯಾರ. ಮಾಫ್ ಮಾಡ್ರಿ.”

ಬೇರೆ ದುಭಾಷಿಯನ್ನು ಹೈದರಾಬಾದಿನಿಂದಲೇ ಕರೆಸಬೇಕು, ಅದು ಅಂದಂದಿಗೆ ಆಗುವ ಮಾತಲ್ಲ. ಸೃಷ್ಟಿ ಬರೆದು ಉತ್ತರಿಸಬಹುದಲ್ಲ ಎಂದು ನೀವು ಕೇಳಬಹುದು. ವಿಭಾಗದ ಮುಖ್ಯಸ್ಥ ನೀಲಕಂಠ ಸರ್ ಕೂಡ ಅದನ್ನೇ ಕೇಳಿದರು. ಬರೆಯುತ್ತಾಳೆ, ಪ್ರಬಂಧ ಬರೆದವಳೂ ಆಕೆಯೇ. ಆದರೆ ಎದುರು ಕುಳಿತು ವಾದ ಮಾಡುವವರಿಗೆ ಮಾತುಮಾತಿಗೂ ಚೀಟಿ ಬರೆದು ಕೊಡುತ್ತ ಕುಳಿತರೆ ವಾದ ತಣ್ಣಗಾಗುತ್ತದೆ. ಸೃಷ್ಟಿಯ ಮಾತು ಇರುವುದು ಕೈಯಲ್ಲಿ. ಕೈಯಲ್ಲಿ ಮಾತಾಡುವ ಹಕ್ಕನ್ನು ನಾನು ಜಗಳಾಡಿ ಬರೆಸಿಕೊಂಡಿದ್ದೆ, ಅದನ್ನು ಬಿಟ್ಟುಕೊಡಲು ತಯಾರಿರಲಿಲ್ಲ.

ಅಷ್ಟರಲ್ಲಿ ತಾಯಿ-ಮಗಳು ಬಂದರು. ನಾಗರತ್ನಾಳ ಕೈಯಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ಚೀಲ.

“ಸಾಹೇಬ್ರಿಗಿ ತಂದೀನ್ರಿ. ಖಾಲಿ ಕೈಲೆ ಹ್ಯಾಂಗ ಬರೋದು?”

“ಲಂಚ ಅಂತಾರ ನಾಗರತ್ನಾ! ಮೊದಲ ಅದನ್ನ ನನ್ನ ಟೇಬಲ್ ಕೆಳಗ ಇಡ್ರಿ” ಎಂದು ಗದರಿದೆ. ಆಮೇಲೆ ಅಫ್ಶೀನಳ ಸುದ್ದಿ ಹೇಳಿದೆ. ನಾಗರತ್ನಾ ಮಗಳಿಗೆ ಕೈಮಾಡಿದಳು. ಸೃಷ್ಟಿ ಒಮ್ಮೆ ತಾಯಿಯನ್ನು ನೋಡಿದಳು, ಒಮ್ಮೆ ನನ್ನನ್ನು. ನಂತರ ತಾಯಿಯತ್ತ ಬೆರಳು ತೋರಿಸಿದಳು.

ಬೇರೆ ದಾರಿ ಇರಲಿಲ್ಲ. ನಾನು ನಾಗರತ್ನಾಳ ಎರಡೂ ಭುಜ ಹಿಡಿದು ಹೇಳಿದೆ. “ಇಲ್ಲಿ ಕೇಳ್ರಿ. ಇದು ನಿಮ್ಮ ಓಣಿ ಅಲ್ಲ. ಆಕಿ ಏನ್ ಅಂತಾಳೋ ಅದನ್ನೇ ಹೇಳಬೇಕು. ಒಂದ ಅಕ್ಷರ ಕಡಿಮಿ ಇಲ್ಲ, ಒಂದ ಅಕ್ಷರ ಜಾಸ್ತಿ ಇಲ್ಲ. ಹಸನ ಮಾಡೋದು ಬ್ಯಾಡ.”

“ಏ, ಅಷ್ಟ ತಿಳಿಯಂಗಿಲ್ಲೇನ್ರಿ ಮೇಡಂ ನನಗ!”

ಪರೀಕ್ಷಕರು ಮೈಸೂರು ಕಡೆಯ ಹಿರಿಯರು. ಬಿಳಿ ಅಂಗಿ, ದಪ್ಪ ಕನ್ನಡಕ, ಮುಖದಲ್ಲಿ ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬಂದ ಆಯಾಸ. ಮಧ್ಯಾಹ್ನದ ರೈಲಿಗೇ ವಾಪಸ್ಸು ಹೊರಡುವವರು. ಸೃಷ್ಟಿ ಒಳಗೆ ಬಂದು ಕೈ ಮುಗಿದಾಗ ಅವರು ನೀಲಕಂಠ ಸರ್ ಕಡೆ ತಿರುಗಿ, “ಪಾಪ, ಇಂಥ ಮಕ್ಕಳನ್ನು ಇಲ್ಲಿವರೆಗೂ ಎಳೆದು ತರಬಾರದಪ್ಪ. ಹೊಲಿಗೆಯನ್ನೋ ಏನನ್ನೋ ಕಲಿಸಿದ್ದರೆ ಎಲ್ಲರಿಗೂ ಒಳ್ಳೆಯದಿತ್ತು” ಎಂದರು.

ನನ್ನ ಮೈ ಉರಿಯಿತು. ನಾಗರತ್ನಾಳ ಕೈ ಮಾತ್ರ ಒಂದಿಷ್ಟೇ ಆಡಿತು. ‘ಕೂಡು, ಹೆದರಬೇಡ ಅಂತಾರೆ.’ ನನಗೆ ಅಲ್ಪಸ್ವಲ್ಪ ಸನ್ನೆ ತಿಳಿಯುತ್ತದೆ, ಅಷ್ಟು ದೊಡ್ಡ ವಾಕ್ಯ ಇಷ್ಟು ಚಿಕ್ಕದಾದದ್ದು ನನಗೆ ಕಂಡಿತು. ಸೃಷ್ಟಿ ಅವರ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಕುಳಿತಳು.

ತಾಯಿಯೇ ದುಭಾಷಿ ಎಂದು ತಿಳಿದಾಗ ಪರೀಕ್ಷಕರು ಪೆನ್ನು ಕೆಳಗಿಟ್ಟರು.

“ಇದು ಹೇಗಾಗುತ್ತದೆ? ತಾಯಿ ತನಗೆ ತೋಚಿದ್ದನ್ನು ಹೇಳಿದರೆ?”

“ನಾನು ಜವಾಬ್ದಾರಿ ಸರ್” ಎಂದೆ. ಬಾಯಿಂದ ಬಿದ್ದುಹೋಯಿತು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಸರಿ, ಮೂಲೆಯಲ್ಲಿ ಕೂತಿರಿ. ಆದರೆ ನೀವು ನಡುವೆ ಬಾಯಿ ಹಾಕಿದಿರೋ, ವೈವಾ ಅಲ್ಲಿಗೇ ಮುಗಿಯಿತು. ದುಭಾಷಿ ಸರಿಯಿಲ್ಲ ಎಂದು ಬರೆದು ನಾನು ಹೊರಡುತ್ತೇನೆ.”

ನೀಲಕಂಠ ಸರ್ ನನ್ನತ್ತ ನೋಡಿ ಕಣ್ಣಲ್ಲೇ ಬೇಡಿಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ ಅವರು. ಅವರ ಕೋಣೆಯಲ್ಲಿ ಫ್ಯಾನಿನ ಸದ್ದೂ ಮೆಲ್ಲಗಿರುತ್ತದೆ. ನಾನು ಮೂಲೆಯ ಕುರ್ಚಿಗೆ ಹೋಗಿ ಕುಳಿತೆ.

ಸೃಷ್ಟಿಯ ಪ್ರಬಂಧ ಇದ್ದದ್ದು ಕಲಬುರಗಿ ಹತ್ತಿರದ ನಂದೂರಿನಲ್ಲಿ ತೊಗರಿಬೇಳೆ ಮಾಡುವ ದಾಲ್ ಮಿಲ್ಲುಗಳಲ್ಲಿ ದುಡಿಯುವ ಹೆಂಗಸರ ಬಗ್ಗೆ. ಯಂತ್ರದ ಆರ್ಭಟದಲ್ಲಿ ಅಲ್ಲಿ ಬಾಯಿಮಾತು ನಡೆಯುವುದಿಲ್ಲ. ನೀರು ಬೇಕು, ಚೀಲ ಹಿಡಿ, ಸಾಹುಕಾರ ಬಂದ, ಎಲ್ಲವೂ ಕೈಯಲ್ಲೇ. ಸೃಷ್ಟಿ ಮೊದಲ ಸಲ ಅಲ್ಲಿಗೆ ಹೋದಾಗ ತವರಿಗೆ ಬಂದಷ್ಟು ಸಂತೋಷಪಟ್ಟಿದ್ದಳು. ಎಲ್ಲರೂ ಕೈಯಲ್ಲಿ ಮಾತಾಡುವ ಜಾಗ ಆಕೆಗೆ ಶಾಲೆಯ ಆಚೆ ಸಿಕ್ಕಿದ್ದೇ ಅಲ್ಲಿ. ಹೋಗುತ್ತ ಹೋಗುತ್ತ ಆಕೆಗೆ ಇನ್ನೊಂದು ಕಂಡಿತು. ಬಹಳ ವರ್ಷ ದುಡಿದವರಲ್ಲಿ ಹಲವರಿಗೆ ಮನೆಯಲ್ಲೂ ಮಾತು ಕೇಳಿಸುತ್ತಿರಲಿಲ್ಲ. ‘ವಯಸ್ಸಾಯಿತು’ ಎಂದು ಅವರೂ ಸುಮ್ಮನಿದ್ದರು, ಮನೆಯವರೂ ಸುಮ್ಮನಿದ್ದರು. ಸದ್ದು ಅವರ ಕಿವಿ ತಿಂದಿದೆ, ಅವರಿಗೆ ತಪಾಸಣೆ ಬೇಕು, ಕಿವಿಗೆ ರಕ್ಷಣೆ ಬೇಕು. ಪ್ರಬಂಧದ ಕೊನೆಯ ಮಾತೇ ಅದು.

ಮೊದಲ ಪ್ರಶ್ನೆಗಳು ಸಲೀಸಾಗಿ ಹೋದವು. ಎಷ್ಟು ಮಿಲ್ಲು ನೋಡಿದೆ, ಯಾರನ್ನು ಮಾತಾಡಿಸಿದೆ, ಹೇಗೆ ಮಾತಾಡಿಸಿದೆ. ಸೃಷ್ಟಿಯ ಕೈ ಚಕಚಕನೆ ಓಡುತ್ತಿತ್ತು, ನಾಗರತ್ನಾ “ಅಂತಾಳ್ರಿ, ಅಂತಾಳ್ರಿ” ಎಂದು ಹಿಂದೆಯೇ ಓಡುತ್ತಿದ್ದಳು.

ಆಗ ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಕೇಳಿದರು. “ನೋಡಮ್ಮ, ಅವರು ಕೈಸನ್ನೆ ಕಲಿತಿದ್ದಾರೆ ಎಂದರೆ ಕೆಲಸಕ್ಕೆ ಹೊಂದಿಕೊಂಡಿದ್ದಾರೆ ಎಂದರ್ಥ. ಒಬ್ಬರೂ ದೂರು ಕೊಟ್ಟಿಲ್ಲ ಎಂದು ನೀನೇ ಬರೆದಿದ್ದೀಯ. ದೂರಿಲ್ಲ ಎಂದರೆ ತೊಂದರೆ ಇಲ್ಲ ಎಂದೇ ಆಗಲಿಲ್ಲವೇ?”

ನಾಗರತ್ನಾ ಸನ್ನೆ ಮಾಡಿ ಮುಗಿಸುವ ಮೊದಲೇ ಸೃಷ್ಟಿ ಕೈಯನ್ನು ಅಡ್ಡ ಬೀಸಿದಳು. ಆ ಸನ್ನೆ ನನಗೆ ಚೆನ್ನಾಗಿ ಗೊತ್ತು. ‘ತಪ್ಪು’. ಆಮೇಲಿನದು ಬಿರುಸಾಗಿತ್ತು, ಪೂರ್ತಿ ಹಿಡಿಯಲಾಗಲಿಲ್ಲ. ಯಾರೂ ಕೇಳಿಲ್ಲ ಎಂಬುದು ಮಾತ್ರ ತಿಳಿಯಿತು.

ನಾಗರತ್ನಾ ಹಿರಿಯರ ಬಿಳಿ ಅಂಗಿ ನೋಡಿದಳು, ಬೋಳು ಹಣೆ ನೋಡಿದಳು. ಸೆರಗು ಸರಿಮಾಡಿಕೊಂಡಳು.

“ಹೌದ್ರಿ ಸರ್. ನೀವು ಹೇಳಿದ್ದ ಖರೇ ಅದ ಅಂತಾಳ್ರಿ.”

ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. ಆಕೆ ಬೇಕೆಂದು ಮೋಸ ಮಾಡಿದ್ದಲ್ಲ. ಅಷ್ಟು ದೊಡ್ಡವರ ಮುಖಕ್ಕೆ ‘ನೀವು ತಪ್ಪು’ ಎನ್ನುವುದು ಆಕೆಯ ನಾಲಿಗೆಗೆ ಬರಲೇ ಇಲ್ಲ. ಜೀವಮಾನವೆಲ್ಲ ಕಲ್ಲು ಆರಿಸಿದ ಕೈ ತಾನಾಗಿ ಆರಿಸಿಬಿಟ್ಟಿತು. ಪರೀಕ್ಷಕರು ಮುಗುಳ್ನಕ್ಕು ತಲೆಯಾಡಿಸಿದರು, ಪೆನ್ನಿನ ಮುಚ್ಚಳ ತೆಗೆದರು.

“ಒಳ್ಳೆಯದು. ಹಾಗಾದರೆ ಪ್ರಬಂಧದ ತೀರ್ಮಾನವೇ ನಿಲ್ಲುವುದಿಲ್ಲ ಎಂದು ಒಪ್ಪಿಕೊಂಡಂತಾಯಿತು. ತೀರ್ಮಾನವೇ ನಿಲ್ಲದಿದ್ದರೆ ನಾನು ಯಾವುದಕ್ಕೆ ಅಂಕ ಕೊಡಲಿ? ಕೇಳಿ ಆಕೆಯನ್ನು.”

ನಾಗರತ್ನಾ ಸಿಕ್ಕಿಬಿದ್ದಳು. ಈ ಪ್ರಶ್ನೆಯನ್ನು ಮಗಳಿಗೆ ದಾಟಿಸಿದರೆ ತಾನು ಮಾಡಿದ್ದು ಮಗಳಿಗೆ ಗೊತ್ತಾಗುತ್ತದೆ. ದಾಟಿಸದಿದ್ದರೆ ಮಗಳು ಒಪ್ಪಿಕೊಂಡಳೆಂದೇ ಬರೆಯುತ್ತಾರೆ. ಆಕೆಯ ಕೈಗಳು ಮಡಿಲಲ್ಲಿ ಬಿದ್ದುಕೊಂಡವು. ಒಂದು ಕ್ಷಣ ಆಕೆ ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆದರೆ ಎಲ್ಲ ಮುಗಿಯಿತು. ಆ ತಾಯಿಯ ಮೇಲೆ ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ! ಎದ್ದು ರಟ್ಟೆ ಹಿಡಿದು ಅಲುಗಿಸಬೇಕು ಎನಿಸಿತು. ಅದರ ಜೊತೆಗೇ ಕರುಳೂ ಕಿತ್ತುಬಂತು. ನೀಲಕಂಠ ಸರ್ ಮೇಜಿನ ಗಾಜನ್ನು ಉಗುರಿನಿಂದ ಕೆರೆಯುತ್ತಿದ್ದರು.

ಸೃಷ್ಟಿ ತಾಯಿಯನ್ನು ನೋಡಲಿಲ್ಲ. ಪರೀಕ್ಷಕರ ಮುಖದ ನಗುವನ್ನೇ ನೋಡುತ್ತಿದ್ದಳು. ನೀವು ತಪ್ಪು ಎಂದರೆ ಯಾವ ಮನುಷ್ಯ ನಗುತ್ತಾನೆ? ಅಷ್ಟಲ್ಲದೆ ತಾಯಿಯ ತುಟಿಯಲ್ಲಿ ‘ಹೌದ್ರಿ’ಯನ್ನು ಆಕೆ ಹುಟ್ಟಿದಾಗಿನಿಂದ ನೋಡಿದ್ದಳು. ಆಕೆ ನಿಧಾನಕ್ಕೆ ತಾಯಿಯ ಕಡೆ ತಿರುಗಿದಳು. ತಾಯಿಗೆ ಬೆರಳು ತೋರಿಸಿದಳು, ತನ್ನ ಎದೆಗೆ ತೋರಿಸಿಕೊಂಡಳು, ಪರೀಕ್ಷಕರ ಕಡೆ ತೋರಿಸಿದಳು. ಸನ್ನೆ ಒಂದೊಂದೂ ಬಿಡಿಬಿಡಿಯಾಗಿ, ನನ್ನಂಥವಳಿಗೂ ತಿಳಿಯುವಂತಿತ್ತು.

“ಏನು ಹೇಳುತ್ತಿದ್ದಾಳೆ?” ಎಂದರು ಪರೀಕ್ಷಕರು.

ನಾಗರತ್ನಾ ಮತ್ತೆ ಸೆರಗು ಸರಿಮಾಡಿಕೊಂಡಳು.

“ಏನಮ್ಮ? ಏನು ಹೇಳುತ್ತಿದ್ದಾಳೆ ಮಗಳು?”

ಇನ್ನೊಮ್ಮೆ ಹಸನು ಮಾಡುತ್ತಾಳೆ, ಎಂದುಕೊಂಡೆ. ‘ಸುಸ್ತಾಗೇದ ಅಂತಾಳ್ರಿ’ ಎನ್ನುತ್ತಾಳೆ, ‘ನೀರ ಕೇಳ್ತಾಳ್ರಿ’ ಎನ್ನುತ್ತಾಳೆ. ಸೃಷ್ಟಿ ತಾಯಿಯ ತುಟಿಯ ಮೇಲೆ ಕಣ್ಣು ನೆಟ್ಟು ಕುಳಿತಿದ್ದಳು, ರೆಪ್ಪೆ ಬಡಿಯಲಿಲ್ಲ.

ನಾಗರತ್ನಾ ಹೇಳಿದಳು. “ನಮ್ಮವ್ವ ನಿಮಗ ಸುಳ್ಳ ಹೇಳ್ಯಾಳ.”

ಸೃಷ್ಟಿಯ ಕೈ ಮುಂದುವರಿಯಿತು, ನಾಗರತ್ನಾಳ ‘ಅಂತಾಳ್ರಿ’ ಬಿದ್ದುಹೋಗಿತ್ತು. “ನಾ ಹೌದು ಅಂದಿಲ್ಲ. ತಪ್ಪು ಅಂದೀನಿ. ನೀವು ಹೇಳಿದ್ದು ತಪ್ಪದ. ಆ ಹೆಂಗಸರಿಗಿ ಯಾರೂ ಏನೂ ಕೇಳಿಲ್ಲ, ಕೇಳದೆ ಅವರು ಎಲ್ಲಿ ದೂರು ಹೇಳ್ತಾರ? ಕೈಲೆ ಮಾತಾಡೋದು ಹೊಂದಿಕೊಂಡಾರಂತ ಅಲ್ಲ, ಬ್ಯಾರೆ ದಾರಿ ಇಲ್ಲಂತ. ನನಗೂ ಇರಲಿಲ್ಲ.” ಇಷ್ಟು ಹೇಳುವಷ್ಟರಲ್ಲಿ ಆಕೆಯ ಕಣ್ಣಿಂದ ನೀರಿಳಿದು ಗಲ್ಲದತನಕ ಬಂದಿತ್ತು. ಒರೆಸಿಕೊಳ್ಳಲಿಲ್ಲ, ಮಗಳ ಕೈಯಿಂದ ಕಣ್ಣು ತೆಗೆಯುವಂತಿರಲಿಲ್ಲವಲ್ಲ.

ಪರೀಕ್ಷಕರ ನಗು ಮಾಯವಾಗಿತ್ತು. ಪೆನ್ನಿನ ಮುಚ್ಚಳ ಹಾಕಿದರು.

“ನಾನು ಹೆದರಿದ್ದೇ ಆಯಿತು. ಹಾಗಾದರೆ ಇದುವರೆಗಿನ ಉತ್ತರಗಳು ಯಾರವು? ಮಗಳದೋ, ತಾಯಿಯದೋ? ಇದನ್ನು ಇಲ್ಲಿಗೇ ನಿಲ್ಲಿಸಬೇಕಾಗುತ್ತದೆ.”

ನಾಗರತ್ನಾಳ ಕೈ ಎದ್ದಿತು. ಈ ಸಲ ಅವರ ಮಾತು ಎಷ್ಟುದ್ದ ಇತ್ತೋ ಆಕೆಯ ಸನ್ನೆಯೂ ಅಷ್ಟೇ ಉದ್ದವಿತ್ತು. ನಿಲ್ಲಿಸುತ್ತಾರೆ ಎಂಬುದನ್ನೂ ಬಿಡಲಿಲ್ಲ. ಸೃಷ್ಟಿ ಓದಿಕೊಂಡಳು, ಉತ್ತರ ಕೊಟ್ಟಳು. ನಾಗರತ್ನಾ ಹೇಳಿದಳು, “ಎಲ್ಲಾ ಮೊದಲಿಂದ ಕೇಳ್ರಿ. ಈಗ ನಮ್ಮವ್ವ ಸುಳ್ಳ ಹೇಳಂಗಿಲ್ಲ.”

“ನಾನು ಹೇಗೆ ನಂಬಲಿ?”

“ತನ್ನ ಸುಳ್ಳು ತಾನೇ ನಿಮಗ ಹೇಳ್ಯಾಳ. ಇನ್ನ ಮುಚ್ಚಿಡಲಾಕ ಏನ್ ಉಳದದ?” ಮಗಳ ಕೈ ಕೇಳಿದ್ದನ್ನು ನಾಗರತ್ನಾ ಹಾಗೇ ದಾಟಿಸಿದಳು.

ಹಿರಿಯರು ಗಡಿಯಾರ ನೋಡಿದರು, ರೈಲು ಅವರ ಮನಸ್ಸಿನಲ್ಲಿ ಬಂದುಹೋದದ್ದು ನನಗೆ ಕಂಡಿತು. ಮಾತಾಡಿದವರು ನೀಲಕಂಠ ಸರ್. ಆ ಮನುಷ್ಯ ಜನ್ಮದಲ್ಲಿ ಮೊದಲ ಸಲ ಕೋಲು ಮುರಿದರು ಎನ್ನಬೇಕು.

“ಸರ್, ಮೊದಲಿಂದ ಕೇಳ್ರಿ. ಸ್ಟೇಷನ್ನಿಗೆ ನಾನೇ ಗಾಡಿ ತಗೊಂಡು ಬಿಡ್ತೀನಿ. ಈ ರೈಲು ತಪ್ಪಿದ್ರ ಇನ್ನೊಂದಕ್ಕ ಹತ್ತಿಸ್ತೀನಿ.”

ಪರೀಕ್ಷಕರು ಬಹಳ ಹೊತ್ತು ಪ್ರಬಂಧದ ಹಾಳೆ ತಿರುವಿದರು. ಆಮೇಲೆ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ನಾಗರತ್ನಾಳನ್ನು ಬಿಟ್ಟು ಸೃಷ್ಟಿಯ ಮುಖ ನೋಡುತ್ತ ಮೊದಲ ಪ್ರಶ್ನೆ ಕೇಳಿದರು.

ಎರಡನೆಯ ಸುತ್ತು ಸಲೀಸಾಗಿರಲಿಲ್ಲ. ಅವರು ಬಿಗಿಯಾಗಿ ಕೇಳಿದರು, ಒಂದು ಉತ್ತರವನ್ನೂ ಸುಮ್ಮನೆ ಬಿಡಲಿಲ್ಲ. ಸೃಷ್ಟಿ ಒಂದೆರಡು ಕಡೆ ಎಡವಿದಳು. “ಇದು ನನಗ ಗೊತ್ತಿಲ್ಲ” ಎಂದು ನಾಗರತ್ನಾ ಇದ್ದಂತೆ ಹೇಳಿದಾಗ ಆಕೆಗೆ ಎಷ್ಟು ಸಂಕಟವಾಯಿತೆಂದು ಧ್ವನಿಯಲ್ಲೇ ಗೊತ್ತಾಗುತ್ತಿತ್ತು. ಮತ್ತೆ ಆ ದೂರಿನ ಪ್ರಶ್ನೆ ಬಂತು. ಸೃಷ್ಟಿ ವಾದಿಸಿದಳು, ಅವರೂ ವಾದಿಸಿದರು. ಕೊನೆಗೆ ಆಕೆ ತಿರುಗಿಸಿ ಏನೋ ಕೇಳಿದಳು. ನಾಗರತ್ನಾ ಕಣ್ಣು ಮುಚ್ಚಿಕೊಂಡು, ರೀ ಇಲ್ಲ ಗೀ ಇಲ್ಲ, ಹೊರಗೆ ಹಾಕಿದಳು. “ನೀವು ಮಿಲ್ಲಿನಾಗ ಹೋಗಿ ನಿಂತೀರೇನು?”

ನೀಲಕಂಠ ಸರ್ ತಲೆ ತಗ್ಗಿಸಿದರು.

“ಇಲ್ಲ” ಎಂದರು ಪರೀಕ್ಷಕರು. ಕನ್ನಡಕ ಸರಿಮಾಡಿಕೊಂಡು, “ಹೋಗಿಲ್ಲಮ್ಮ” ಎಂದರು. ಮುಂದಿನ ಪ್ರಶ್ನೆ ಕೇಳಲಿಲ್ಲ. ಹೊರಗೆ ಕುಳಿತಿರಿ ಎಂದರು.

ವರಾಂಡದಲ್ಲಿ ತಾಯಿ ಒಂದು ಬೆಂಚಿನಲ್ಲಿ, ಮಗಳು ಇನ್ನೊಂದು ಬೆಂಚಿನಲ್ಲಿ. ನಡುವೆ ನಾನು, ಯಾರ ಹತ್ತಿರ ಕೂರಬೇಕೆಂದು ತಿಳಿಯದೆ ನಿಂತೇ ಇದ್ದೆ. ಬಾಗಿಲು ತೆರೆದು ನೀಲಕಂಠ ಸರ್ ಕತ್ತು ಹೊರಗೆ ಹಾಕಿದರು.

“ಪಾಸಾಗ್ಯಾಳ್ರಿ ಮಂಜುಷಾ ಬಾಯಿ. ಛಲೋ ಅಂಕ ಕೊಟ್ಟಾರ. ನಾ ಸ್ಟೇಷನ್ನಿಗಿ ಹೊಂಟೆ” ಎಂದು ಒಳಗೆ ಹೋದರು.

ನಾನು ಅತ್ತುಬಿಟ್ಟೆ. ಜಗಳದ ಬಾಯಿ ಅತ್ತಿತೆಂದು ಜವಾನರೆಲ್ಲ ನೋಡಿದರು, ನೋಡಲಿ. ನಾಗರತ್ನಾ ಎದ್ದು ಮಗಳಿಗೆ ಸನ್ನೆ ಮಾಡಿದಳು. ಸೃಷ್ಟಿ ತಲೆಯಾಡಿಸಿದಳು. ನಕ್ಕಳು, ಆದರೆ ನನ್ನ ಕಡೆ ನೋಡಿ.

ಬಸ್ ನಿಲ್ದಾಣಕ್ಕೆ ನಾನೇ ಬಿಡಲು ಹೋದೆ. ಜಗತ್ ಸರ್ಕಲ್ಲಿನ ಗದ್ದಲದಲ್ಲಿ ಆಟೋ ಸಿಕ್ಕಿಕೊಂಡು ನಿಂತಿತು, ಹಾರ್ನು ಹೊಡೆಯುವವರು ಹೊಡೆಯುತ್ತಲೇ ಇದ್ದರು. ನಿಲ್ದಾಣದಲ್ಲಿ ಕಮಲಾಪುರದ ಮೇಲೆ ಹೋಗುವ ಬೀದರ್ ಬಸ್ಸು ಇನ್ನೂ ಬಂದಿರಲಿಲ್ಲ. ಯಾರಿಗೂ ಕೊಡದೆ ಉಳಿದ ಬಾಳೆಹಣ್ಣಿನ ಚೀಲ ಬಿಚ್ಚಿ ನಾಗರತ್ನಾ ನನಗೊಂದು ಕೊಟ್ಟಳು, ಮಗಳ ಮುಂದೆ ಒಂದು ಹಿಡಿದಳು. ಮಗಳು ತೆಗೆದುಕೊಳ್ಳಲಿಲ್ಲ.

ಹಣ್ಣನ್ನು ಚೀಲದಲ್ಲಿಟ್ಟು ನಾಗರತ್ನಾ ಮಗಳ ಎದುರು ನಿಂತಳು. ಬಾಯಲ್ಲೂ ಹೇಳುತ್ತ, ಕೈಯಲ್ಲೂ ಹೇಳುತ್ತ ಶುರು ಮಾಡಿದಳು. ನನಗೂ ಕೇಳಲಿ ಎಂದೋ, ತನಗೇ ಧೈರ್ಯ ಬರಲಿ ಎಂದೋ, ತಿಳಿಯದು.

“ಇವತ್ತ ಒಳಗ ಹೋದ ಕೂಡಲೇ ಆ ಸಾಹೇಬ್ರು ಕೂಡು ಅಂತ ಅಂದಿಲ್ಲವ್ವ. ಇಂಥ ಮಕ್ಕಳಿಗಿ ಓದು ಯಾಕ, ಹೊಲಿಗಿ ಕಲಿಸಿದ್ರ ಛಲೋ ಇತ್ತು ಅಂದ್ರು. ಓಣ್ಯಾಗ ನಿನಗ ಚಂದಾಗಿ ಓದು ಅನ್ನಲ್ಲ, ಮೂಕಿ ಅಂತಾರ. ನಿನಗ ಬ್ಯಾನಿ ಆಗಬಾರದಂತ ನಾ...” ಮುಂದಿನದು ಅಳುವಿನಲ್ಲಿ ಹೋಯಿತು.

ಸೃಷ್ಟಿ ಅಲುಗಾಡದೆ ನೋಡಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ತಾಯಿಯ ಒದ್ದೆ ಗಲ್ಲವನ್ನು ಅಂಗೈಯಿಂದ ಒರೆಸಿದಳು. ನಂತರ ಅದೇ ಕೈಯಿಂದ ಮಾತಾಡಿದಳು, ನಿಧಾನವಾಗಿ, ನನ್ನ ಕಡೆಗೂ ಒಮ್ಮೆ ನೋಡುತ್ತ.

ನಾಗರತ್ನಾ ಕೇಳಿಸಿಕೊಂಡಳು, ಎಂದರೆ ನೋಡಿಕೊಂಡಳು. ಬಸ್ಸು ಬಂದು ಜನ ನುಗ್ಗತೊಡಗಿದ್ದರು. ಯಾರೂ ಕೇಳದಿದ್ದರೂ ಆಕೆ ನನ್ನತ್ತ ತಿರುಗಿ, ಒಂದಕ್ಷರ ಆರಿಸದೆ, ಅದನ್ನು ನನಗೆ ಹೇಳಿದಳು.

“ಮಂದಿ ನನಗ ಏನ್ ಅಂತಾರನ್ನೋದು ನನಗ ಮೊದಲಿಂದ ಗೊತ್ತದ, ಮಾರಿ ನೋಡಿದ್ರ ತಿಳೀತದ. ನಿನ್ನ ಬಾಯಾಗ ನಾ ಏನ್ ಅಂದೆ ಅನ್ನೋದೇ ಇಷ್ಟ ದಿನ ನನಗ ಗೊತ್ತಿರಲಿಲ್ಲ.”